ಹೊರಸಿನ ಕೆಳಗಿನ ಕೆಂಡ

ಹುಮನಾಬಾದ್

ಅಣ್ಣ ಶಂಕರಲಿಂಗನಿಗೆ ತಂಗಿ ಜಗದೇವಿಯ ಶರಣಾರ್ಥಿ.

ಫೋನಿನಲ್ಲಿ ಹೇಳಿದರೆ ಅವ್ವ ಸ್ಪೀಕರ್ ಹಚ್ಚಿಸಿ ಕೇಳುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮನೆಯಾಕೆ ರೂಪಾಲಿ ವೈನಿಗೆ ತವರಿನಲ್ಲಿ ತಾಯಿಯಿಲ್ಲ, ಬಾಣಂತನ ಬಸವಕಲ್ಯಾಣದ ನಮ್ಮ ಮನೆಯಲ್ಲೇ, ಅದೂ ಮೇ ತಿಂಗಳಲ್ಲಿ ಎಂದು ಕೇಳಿದೆ. ಹೊಸ ಸ್ಲ್ಯಾಬಿನ ಕೋಣೆಯಲ್ಲಿ ಅವಳನ್ನು ಮಲಗಿಸಬೇಡ. ಕೊಟ್ಟಿಗೆಗೆ ಇನ್ನೂ ಮಣ್ಣಿನ ಮಾಳಿಗೆಯ ಸೂರಿದೆ. ಆ ಕೊಟ್ಟಿಗೆಯನ್ನೇ ಸಾರಿಸಿ, ಸುಣ್ಣ ಬಳಿಸಿ, ಮಲಗಲು ಹೊರಸು ಹಾಕಿಸು.

ಅವ್ವ ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಡಲು ಬರುತ್ತಾಳೆ. "ಬಾಣಂತಿಗಿ ಥಂಡಿ ಆಗ್ತದ, ಕೂಲರ್ ಬಂದ್ ಮಾಡು" ಅನ್ನುತ್ತಾಳೆ. ನೀನು ಕೇಳಬೇಡ. ನಾವಿಬ್ಬರೂ ಅದೇ ಕೆಂಡದ ಕಾವಿನಲ್ಲಿ ಬೆಳೆದದ್ದು ನಿಜ, ಆದರೆ ಆಗ ಮೇಲೆ ಮಣ್ಣಿತ್ತು, ಒಳಗೆ ತಂಪಿತ್ತು.

ಹೋದ ಬೇಸಿಗೆಯಲ್ಲಿ ಆ ಸ್ಲ್ಯಾಬಿನ ಕೋಣೆಯಲ್ಲೇ ನನ್ನ ಕೂಸು ಕಾವು ತಾಳದೆ ಹೋಯಿತೆಂದು ಡಾಕ್ಟರು ನನಗೊಬ್ಬಳಿಗೇ ಹೇಳಿದರು. ದೃಷ್ಟಿ ತಗುಲಿತೆಂದು ಅವ್ವ ನಂಬಿದ್ದಾಳೆ. ಹಾಗೆಯೇ ನಂಬಿರಲಿ. ಈ ಪತ್ರ ಓದಿ ಹರಿದುಹಾಕು.

ಅಲ್ಲೇ ಬಿಟ್ಟುಬಂದ ನನ್ನ ಟ್ರಂಕಿನಲ್ಲಿ ಕೂಸಿನ ತಲೆ, ಕಿವಿ ಮುಚ್ಚುವ ಕುಂಚಿಗಿಯಿದೆ, ನಾನೇ ಹೊಲಿದದ್ದು. ಥಂಡಿ ಬಿದ್ದ ಮೇಲೆ ವೈನಿಯ ಕೂಸಿಗೆ ತೊಡಿಸು. ಅಪಶಕುನ ಅನ್ನಬೇಡ, ಅದು ಹೊಸದೇ. ಚಳಿಗಾಲದ ತನಕ ನನ್ನ ಕೂಸು ಇರಲೇ ಇಲ್ಲವಲ್ಲ.

ನಿನ್ನ ತಂಗಿ,
ಜಗದೇವಿ