ಐಸಿನ ಡಬ್ಬಿ

ಡಾಕ್ಟರ್ ಗುರುಬಸವರಾಜ ಅವರಿಗೆ,

ಹೂವಿನಹಡಗಲಿಯ ಮರುಳಸಿದ್ದಮ್ಮನ ನಮಸ್ಕಾರ. ಹೋದ ತಿಂಗಳು ದಮ್ಮು ಹೆಚ್ಚಾಗಿ ನಿಮ್ಮ ಆಸ್ಪತ್ರೆಗೆ ಸೇರಿದ್ದ ಪಾಲಾಕ್ಷಪ್ಪನವರ ಹೆಂಡತಿ ನಾನು. ಈ ಪತ್ರದ ಜೊತೆ ಒಂದು ಥರ್ಮಾಕೋಲ್ ಡಬ್ಬಿ ಕಳಿಸಿದ್ದೇನೆ, ಇಟ್ಟುಕೊಳ್ಳಿ.

ಆ ದಿನ ನೀವು ಅವರ ಮಣಿಕಟ್ಟಿನಿಂದ ರಕ್ತ ತೆಗೆದು, ಪರೀಕ್ಷೆಗೆಂದು ಬಸ್ಸಿನಲ್ಲಿ ಹೊಸಪೇಟೆಯ ಲ್ಯಾಬಿಗೆ ಕಳಿಸಿದಿರಿ. ಸಂಜೆ ರಿಪೋರ್ಟ್ ನೋಡಿ, "ರಕ್ತದಾಗ ಆಮ್ಲ ಏರೈತಿ, ಆಕ್ಸಿಜನ್ ಉಳಿದಿಲ್ಲ. ಮನಿಗೆ ಕರ್ಕೊಂಡು ಹೋಗ್ರಿ" ಅಂದಿರಿ. ಆಗ ಅವರು ಮಂಚದ ಮೇಲೆ ಕೂತು ನನ್ನ ಹತ್ತಿರ ಚಹಾ ಕೇಳುತ್ತಿದ್ದರು. ನೀವು ಅವರ ಮುಖ ನೋಡಲಿಲ್ಲ. ಮೂಗಿಗೆ ಹಾಕಿದ್ದ ಆಕ್ಸಿಜನ್ ನಳಿಕೆ ತೆಗೆಸಿದಿರಿ. ಮನೆಯಲ್ಲಿ ಬೆಳಗಿನವರೆಗೆ ಉಸಿರಿಗೆ ಒದ್ದಾಡಿ ಹೋದರು.

ಮೊನ್ನೆ ಮಾತನಾಡಿಸಲು ಬಂದ ಆ ಬಸ್ಸಿನ ಡ್ರೈವರ್ ಹುಲುಗೇಶ್ ಕಣ್ಣೀರು ಹಾಕಿದ. "ಯಜಮಾನ್ರ ರಕ್ತ ಎಲ್ಲಿ ಕಳದೀತು ಅಂತ ಕಣ್ಣ ಮುಂದ ಎಂಜಿನ್ ಬಾನೆಟ್ ಮ್ಯಾಲೆ ಇಟ್ಕಂಡು ಒಯ್ದೆ ನೋಡಬೇ, ಆದ್ರೂ ಉಳೀಲಿಲ್ಲ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಐಸಿನಲ್ಲಿಡಬೇಕೆಂದು ನೀವು ಅವನಿಗೆ ಹೇಳಿರಲಿಲ್ಲ. ಲ್ಯಾಬಿಗೆ ಫೋನ್ ಮಾಡಿ ಕೇಳಿದೆ. ಎರಡು ತಾಸು ಆ ಬಿಸಿಯಲ್ಲಿದ್ದರೆ ಎಂಥವರ ರಕ್ತವೂ ಸಾಯುವವರ ರಕ್ತದಂತೆ ಕಾಣುತ್ತದಂತೆ.

ಇನ್ನು ಮುಂದೆ ಯಾರದಾದರೂ ರಕ್ತವನ್ನು ಬಸ್ಸಿಗೆ ಕೊಡುವಾಗ ಈ ಡಬ್ಬಿಗೆ ಐಸು ತುಂಬಿ, ಅದರಲ್ಲಿಟ್ಟು ಕೊಡಿ. ಆ ದಿನ ಅದೇ ಬಸ್ಸಿನಲ್ಲಿ ನಮ್ಮ ತೋಟದ ಮಲ್ಲಿಗೆ ಹೋದದ್ದು ಇದರಲ್ಲೇ. ಒಂದು ಮೊಗ್ಗೂ ಬಾಡಿರಲಿಲ್ಲ.

ಇಂತಿ,
ಮರುಳಸಿದ್ದಮ್ಮ