ಮೆಲ್ಲಡಿಯ ಬಿಡುಗಡೆಗೆ ಇಪ್ಪತ್ತೊಂದು

ನೆರೆದಿರುವ ಮಹನೀಯರೇ, ತಾಯಂದಿರೇ, ಚಾಪೆ ಸಿಗದೆ ಕಾಯಿರಾಶಿಯ ಮೇಲೇ ಕುಳಿತಿರುವ ಬಂಧುಗಳೇ! ಗದ್ದಲ ನಿಲ್ಲಲಿ, ಕಿವಿ ಇತ್ತ ಇರಲಿ! ಇಂದು ನಾನು ಒದರುವುದು ನಾಟಕವಲ್ಲ, ಕಾಗದ. ಬರೆದದ್ದು ನಿಮಗಲ್ಲ, ತೀರಿಕೊಂಡ ನಮ್ಮ ಭಾವನವರಿಗೆ. ಆದರೂ ನೀವು ಕೇಳಲೇಬೇಕು. ಒಬ್ಬರಿಗೇ ಪಿಸುಗುಟ್ಟುವಂಥ ಗಂಟಲನ್ನು ದೇವರು ನನಗೆ ಕೊಟ್ಟಿಲ್ಲ.

ಪ್ರೀತಿಯ ಭಾವ,

ನಕ್ಕಿರಿ ತಾನೇ? "ಶುರುವಾಯ್ತು ನೋಡು ಇವನ ರಂಗಪ್ರವೇಶ" ಎಂದಿರಿ ತಾನೇ? ಅನ್ನಿ, ಇವತ್ತು ಏನು ಬೇಕಾದರೂ ಅನ್ನಿ. ನೀವು ಹೋಗಿ ಐದು ತಿಂಗಳಾಯಿತು. ನಿಮಗೆ ಹೇಳಲೇಬೇಕಾದ ಸುದ್ದಿಯೊಂದು ಈಗ ಕೈಗೆ ಬಂದಿದೆ! ಆದರೆ ಮೊದಲೇ ಬಿಟ್ಟುಕೊಟ್ಟರೆ ನಾನೆಂಥ ನಾಟಕದವನು?

ಗಿರಿಜೆ ಆ ಡಬ್ಬ ತಂದ ಭಾನುವಾರ ನೆನಪಿದೆಯೇ? ತಿಪಟೂರಿನಲ್ಲಿ ಪಾಠ ಹೇಳುವ ನಿಮ್ಮ ಮಗಳು ಕೊಬ್ಬರಿ ಮನೆಯ ಅಟ್ಟದ ಕೆಳಗೆ ಚಾಪೆ ಹಾಸಿ, ನಕ್ಷೆ ಬಿಡಿಸಿ, ನಡುವೆ ಇಪ್ಪತ್ತು ಮುಖದ ದಾಳ ಇಟ್ಟಳು. "ಇದು ಕತೆ ಆಡೋ ಆಟ. ಕತೆ ನಾನು ನಡೆಸ್ತೀನಿ, ನೀವು ಒಬ್ಬೊಬ್ರು ಒಂದೊಂದು ಪಾತ್ರ" ಎಂದಳು. ಪಾತ್ರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಎದ್ದು ನಿಂತಾಗಿತ್ತು. ನಾನು ಕೊಡಲಿ ಹಿಡಿದ ಪ್ರಚಂಡವರ್ಮ. ನಮ್ಮ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವ ರುದ್ರಣ್ಣ ಮಂತ್ರವಾದಿ. ಊರಿಗೆಲ್ಲ ನ್ಯಾಯ ಹೇಳುವ ನೀವು? ಕಳ್ಳ! ಹೆಸರು ಮೆಲ್ಲಡಿ. "ಅರವತ್ತು ವರ್ಷ ಒಳ್ಳೇನಾಗಿದ್ದು ಸಾಕಾಗೈತೆ ಕಣವ್ವ, ಭಾನುವಾರವಾದ್ರೂ ಒಸಿ ಕದೀತೀನಿ" ಎಂದಿರಿ. ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದ ಅಕ್ಕ ಸೆರಗು ಬಾಯಿಗಿಟ್ಟು ನಕ್ಕಿದ್ದು...

ಮೊದಲ ಸಲ ಕೊಡಲಿ ಬೀಸಿದಾಗಲೇ ನಾನು ಜಗಳ ತೆಗೆದದ್ದು ನೆನಪಿರಬೇಕಲ್ಲ? ದಾಳದಲ್ಲಿ ಒಂಬತ್ತು ಬಿದ್ದಿತ್ತು. ಗಿರಿಜೆ ಕೂಡಲು ಕುಳಿತಳು. "ತೋಳ್ಬಲಕ್ಕೆ ನಾಲ್ಕು, ಪಳಗಿದ ಕೈಗೆ ಮೂರು, ಮಂತ್ರಿಸಿದ ಕೊಡಲಿಗೆ ಒಂದು. ಒಟ್ಟು ಹದಿನೇಳು. ಎದುರಾಳಿ ಕವಚದ ಅಂಕಿ ಹದಿನೈದು. ಅಷ್ಟನ್ನ ಮುಟ್ಟಿದ್ರೂ ಸಾಕು, ಏಟು ಬಿತ್ತು ಅಂತ ಲೆಕ್ಕ ಮಾವ." ನಾನು ಗುಡುಗಿದೆ: "ವೀರ ಹೊಡೆದ ಮೇಲೆ ಬಿತ್ತು, ಅಷ್ಟೇ! ಅದಕ್ಕೆ ಕೂಡೋದೇನು, ಕಳೆಯೋದೇನು?" ಆಗ ನೀವು ಅಟ್ಟದಿಂದ ಒಂದು ಕಾಯಿ ಇಳಿಸಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಿರಿ. ಒಳಗೆ ಒಣಗಿದ ಕೊಬ್ಬರಿ ಗಡಗಡ ಎಂದಿತು. "ದಾಳ ಅನ್ನೋದು ಮರದಿಂದ ಬೀಳೋ ಕಾಯಿ ಕಣ್ಲಾ ಶಂಕ್ರ, ಎಲ್ಲಿ ಬೀಳ್ತೈತೋ ಯಾರಿಗ್ ಗೊತ್ತು? ಈ ಕೂಡಿಕೆ ಐತಲ್ಲ, ಇದು ವರ್ಷಗಟ್ಲೆ ಅಟ್ಟದ ಮ್ಯಾಲೆ ಕಾದು ಮಾಡ್ಕಂಡಿದ್ದು. ದಾಳ ಕೈ ಬುಟ್ರೂ ಇದು ಬುಡಲ್ಲ." ಅಂದಿನಿಂದ ಕೂಡಿಕೆಯ ವಿಷಯದಲ್ಲಿ ನಾನು ತುಟಿ ಬಿಚ್ಚಲಿಲ್ಲ.

ಬೇರೆ ಕಡೆ ಬಿಚ್ಚಿದೆ. ಅದೇ, ಕಲ್ಲುಕೋಟೆಯ ಭಾನುವಾರ! ಕಾವಲಿಗಿದ್ದವನು ರಾಕ್ಷಸ ಕರಾಳ. ಅವನ ಕವಚದ ಅಂಕಿ ಇಪ್ಪತ್ತೊಂದು. ಗಿರಿಜೆ ಮೊದಲೇ ಎಚ್ಚರಿಸಿದ್ದಳು: ಸದ್ದಿಲ್ಲದೆ ಹಿಂದಿನಿಂದ ಹೋದರೆ ಎರಡು ದಾಳ, ದೊಡ್ಡದನ್ನು ಇಟ್ಟುಕೊಳ್ಳಬಹುದು, ಚಾಪೆಯ ಮೇಲೆ ಆಡಿದ ಮಾತು ಕೋಟೆಯಲ್ಲೂ ಕೇಳುತ್ತದೆ. ನಿಮ್ಮ ಮೆಲ್ಲಡಿ ಮುಂದೆ, ನನ್ನ ಪ್ರಚಂಡವರ್ಮ ಹಿಂದೆ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಭಾವ, ನಲವತ್ತು ವರ್ಷ ರಂಗದ ಮೇಲೆ ನಿಂತವನು ನಾನು. ಪದ್ಯ ಹೇಳದೆ ಆಯುಧ ಎತ್ತಿದ ವೀರನನ್ನು ನಮ್ಮ ಸೀಮೆಯಲ್ಲಿ ಯಾರಾದರೂ ಕಂಡಿದ್ದಾರೆಯೇ? ಮುಂದಿನ ಸಾಲಿನವರು ಎದ್ದು ಹೋಗುವುದಿಲ್ಲವೇ? ಕೈ ತಾನಾಗಿ ಮೀಸೆಗೆ ಹೋಯಿತು. "ಎಲವೋ ಕರಾಳಾ!" ಎಂದು ಕಂದಪದ್ಯ ಎತ್ತಿಯೇಬಿಟ್ಟೆ. ಅಟ್ಟದ ಮೇಲೆ ಇಲಿಗಳು ದಿಕ್ಕಾಪಾಲಾದವು.

ಗಿರಿಜೆ ಎರಡರಲ್ಲಿ ಒಂದು ದಾಳ ಎತ್ತಿಟ್ಟುಕೊಂಡಳು. ಉಳಿದ ಒಂದರಲ್ಲಿ ಹನ್ನೆರಡು ಬಿತ್ತು. ಕೂಡಿಕೆಯ ಎಂಟು ಸೇರಿಸಿದರೆ ಇಪ್ಪತ್ತು. ಒಂದು! ಒಂದೇ ಒಂದು ಕಡಿಮೆ! ಕರಾಳ ತಿರುಗಿ ನನ್ನ ಮೇಲೆ ಬಿದ್ದಾಗ ನೀವು ಮೆಲ್ಲಡಿಯನ್ನು ಅಡ್ಡ ತಂದಿರಿ, ಸೆರೆಸಿಕ್ಕಿರಿ. ನಾನು ಪಾರಾದೆ.

"ಲೇ, ಕದ್ದು ಹೊಡಿಯಾಕ್ ಹೋಗುವಾಗ ಯಾರಾನ ಪದ್ಯ ಹೇಳ್ತಾರೇನ್ಲಾ?"

"ಇನ್ನೂ ಎರಡು ಸಾಲು ಬಾಕಿ ಇತ್ತು ಭಾವ."

"ಬುಡು, ಜೈಲಲ್ಲಿ ಕೂತ್ಕಂಡ್ ಕೇಳ್ತೀನಿ."

ಆ ಬುಧವಾರ ನೀವು ಫೋನು ಮಾಡಿದ್ದೇ ಕೊನೆಯ ಮಾತು. "ಇನ್ನೂ ಒಳಗೇ ಇವ್ನಿ ಕಣ್ಲಾ. ಮುದ್ದೆನೂ ಹಾಕ್ತಿಲ್ಲ ಈ ರಾಕ್ಷಸ." "ಭಾನುವಾರ ಬಿಡಿಸ್ತೀನಿ ಭಾವ, ನನ್ನಾಣೆ" ಎಂದೆ. ಶುಕ್ರವಾರ ಬೆಳಗ್ಗೆ ನೀವು ಕಾಯಿರಾಶಿಯ ಪಕ್ಕ ಎದೆ ಹಿಡಿದುಕೊಂಡು ಕುಳಿತವರು... ತೋಟದಲ್ಲಿ ನಿಮಗೆ ಮಣ್ಣು ಹಾಕುವಾಗ ಎಲ್ಲರೂ ಅಳುತ್ತಿದ್ದರು. ನನ್ನ ತಲೆಯಲ್ಲಿ ಒಂದೇ ಒಂದು: ಮೆಲ್ಲಡಿ ಇನ್ನೂ ಒಳಗೇ ಇದ್ದಾನೆ. ಅದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ಹುಚ್ಚ ಅನ್ನರೇ? ಚಾಪೆ ಸುತ್ತಿಟ್ಟೆವು. ಮತ್ತೆ ಬಿಚ್ಚುವ ಧೈರ್ಯ ಯಾರಿಗೂ ಆಗಲಿಲ್ಲ.

ಮೊನ್ನೆ ಭಾನುವಾರ ಬಿಚ್ಚಿದವಳು ಯಾರು ಗೊತ್ತೇ? ಅಕ್ಕ! ಚಾಪೆ ಕೊಡವಿ ನಮ್ಮ ಮುಂದೆ ಎಸೆದಳು. "ಅವರನ್ನ ಅಲ್ಲೇ ಕೂಡಾಕಿ ಬಂದು ಇಲ್ಲಿ ಕಾಫಿ ಕುಡೀತೀರಲ್ಲ, ನಾಚ್ಕೆ ಆಗಲ್ವೇನ್ರೋ?" ಎಂದಳು. ನಾವು ಮೂವರೂ ಲೋಟ ಕೆಳಗಿಟ್ಟು ಚಾಪೆಗೆ ಇಳಿದೆವು. ಗಿರಿಜೆ ನಕ್ಷೆ ಹಾಸಿ ಹೇಳಿದಳು: "ಒಂದೇ ಏಟು ಮಾವ. ಬಿತ್ತೋ, ಕರಾಳ ಉರುಳ್ತಾನೆ. ತಪ್ಪಿತೋ, ಗಂಟೆ ಹೊಡೀತಾನೆ, ಮೆಲ್ಲಡಿನ ಅವತ್ತೇ ಮುಗಿಸ್ತಾರೆ."

"ಇಪ್ಪತ್ತೊಂದರಲ್ಲಿ ಒಂದು ಕಮ್ಮಿ ಮಾಡೇ, ನಿಮ್ಮಪ್ಪ ಅಲ್ವೇನೇ?" ಎಂದಳು ಅಕ್ಕ.

"ಅಪ್ಪನಿಗೆ ಅಂತ ಕಮ್ಮಿ ಮಾಡಿದ್ರೆ ಅಪ್ಪನೇ ಒಪ್ಪಲ್ಲ ಕಣಮ್ಮ."

ಒಪ್ಪುತ್ತಿದ್ದಿರೇ? ಇಲ್ಲ ತಾನೇ?

ಆಗ ಅಕ್ಕ ಒಂದು ದೊಡ್ಡ ಕೊಬ್ಬರಿ ಹೋಳು, ಮೇಲೊಂದು ಬೆಲ್ಲದ ಉಂಡೆ ತಂದು ನನ್ನ ಬಾಯಿಗೆ ತುರುಕಿದಳು. "ಕಡೀಬ್ಯಾಡ, ನುಂಗಬ್ಯಾಡ, ಸುಮ್ನೆ ಇಟ್ಕ!" ಭಾವ, ನಲವತ್ತು ವರ್ಷದಲ್ಲಿ ಮೊದಲ ಬಾರಿ ನಾನು ಬಾಯಿ ಮುಚ್ಚಿಕೊಂಡು ರಂಗಪ್ರವೇಶ ಮಾಡಿದೆ! ಪದ್ಯ ಗಂಟಲವರೆಗೆ ಬಂದು ಕೊಬ್ಬರಿಗೆ ಡಿಕ್ಕಿ ಹೊಡೆದು ವಾಪಸು ಹೋಯಿತು. ನೀವು ಎಣ್ಣೆ ಹಚ್ಚಿ ನಯ ಮಾಡಿದ ಕರಟದಲ್ಲಿ ಎರಡೂ ದಾಳ ಹಾಕಿ ಕುಲುಕಿದೆ, ಉರುಳಿಸಿದೆ.

ಮೊದಲನೆಯದು ಮೂರು. ರುದ್ರಣ್ಣ ಕಣ್ಣು ಮುಚ್ಚಿಕೊಂಡ. ಎರಡನೆಯದು ತಿರುಗಿತು, ತಿರುಗಿತು, ಗಿರಿಜೆಯ ಮೊಣಕಾಲಿನ ಹತ್ತಿರ ನಿಂತಿತು. ಹದಿಮೂರು! ಬಾಯಿ ತುಂಬಿದ್ದರಿಂದ ಬೆರಳಲ್ಲೇ ಎಣಿಸಿದೆ. ತೋಳ್ಬಲದ ನಾಲ್ಕು, ಹದಿನೇಳು. ಪಳಗಿದ ಕೈಗೆ ಮೂರು, ಇಪ್ಪತ್ತು. ಇಪ್ಪತ್ತು! ಮತ್ತೆ ಅದೇ ಇಪ್ಪತ್ತು! ನನ್ನ ಕೈ ಅಲ್ಲೇ ನಿಂತಿತು. ರುದ್ರಣ್ಣನ ಕಣ್ಣಲ್ಲಿ ನೀರು. ಗಿರಿಜೆ ಮಾತ್ರ ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ಆಟ ನಡೆಸುವವಳು ಬಾಯಿ ಬಿಡುವಂತಿಲ್ಲವಲ್ಲ.

"ಕೊಡ್ಲಿದು ಒಂದು ಐತಲ್ಲೋ, ಮಂಕೇ!"

ಅಕ್ಕ! ಒಂದು ದಿನವೂ ದಾಳ ಮುಟ್ಟದ ಅಕ್ಕ! ಅಷ್ಟೂ ಭಾನುವಾರ ಸೊಪ್ಪು ಸೋಸುತ್ತಾ ಎಲ್ಲ ಕೇಳಿಸಿಕೊಂಡಿದ್ದಾಳೆ ಭಾವ! ಇಪ್ಪತ್ತೊಂದು! ಕರಾಳ ಸದ್ದಿಲ್ಲದೆ ಉರುಳಿದ. ನಾನು ಕೊಬ್ಬರಿ ಉಗುಳಿ ಕೂಗಿದ ಕೂಗಿಗೆ ರಸ್ತೆಯಲ್ಲಿ ಬಸ್ಸು ನಿಂತಿತಂತೆ.

ಗಿರಿಜೆ ತಡವರಿಸುತ್ತಾ ಹೇಳಿದಳು: "ಬಾಗಿಲು ತೆಗೀತು. ಮೆಲ್ಲಡಿ ಹೊರಗೆ ಬಂದ. ಬಂದು... ಏನಂತಾನೆ?" ಯಾರು ಉತ್ತರಿಸಬೇಕು? ಅಕ್ಕ ಕೈ ಒರೆಸಿಕೊಂಡು ಬಂದು ನಿಮ್ಮ ಜಾಗದಲ್ಲಿ ಕುಳಿತಳು. "'ಇಷ್ಟೊತ್ತಾ?' ಅಂತಾನೆ. ಇನ್ನೇನಂತಾನೆ?" ಎಂದಳು.

ಮೆಲ್ಲಡಿಯ ಅಂಕಿಗಳನ್ನೆಲ್ಲ ಬರೆದಿಟ್ಟ ನಿಮ್ಮ ಹಾಳೆ ಈಗ ಅವಳ ಕೈಯಲ್ಲಿದೆ. ಕೋಟೆ ದಾಟುವಷ್ಟರಲ್ಲಿ ಪ್ರಚಂಡವರ್ಮನ ಹಣದ ಚೀಲ ಕದ್ದಿದ್ದಾಳೆ, ಕೇಳಿದರೆ "ಕಳ್ಳನ ಪಾತ್ರ ಅಲ್ವೇನೋ?" ಅನ್ನುತ್ತಾಳೆ!

ಇದೇ ಭಾವ ಸುದ್ದಿ. ನೀವು ಹೊರಗೆ ಬಂದಿರಿ! ಆದರೆ ನುಂಗಿಕೊಂಡ ಪದ್ಯ ಮಾತ್ರ ಎದೆಯಲ್ಲಿ ಕಾಯಿಯೊಳಗಿನ ಕೊಬ್ಬರಿಯಂತೆ ಗಡಗಡ ಎನ್ನುತ್ತಿದೆ. ನಾಳೆ ಬೆಳಗ್ಗೆ, ತೆಂಗಿನ ಗರಿಗೆ ಬಿಸಿಲು ಮುಟ್ಟುವ ಹೊತ್ತಿಗೆ, ರುದ್ರಣ್ಣನ ಹಾರ್ಮೋನಿಯಂ ಹೊರಿಸಿಕೊಂಡು ತೋಟಕ್ಕೆ ಬರುತ್ತೇನೆ. ನಿಮ್ಮ ಗದ್ದುಗೆಯ ಮುಂದೆ ನಿಂತು, ಮೀಸೆಗೆ ಕೈ ಹಾಕಿ, ಆ ಪದ್ಯವನ್ನು ಮೊದಲಿನಿಂದ ಎತ್ತಿ, ಬಾಕಿ ಉಳಿದ ಎರಡು ಸಾಲನ್ನೂ ಪೂರ್ತಿ ಗಂಟಲಲ್ಲಿ ಹೇಳುತ್ತೇನೆ. ಇನ್ನು ಎಚ್ಚರವಾಗುವ ಕಾವಲುಗಾರ ಯಾರೂ ಇಲ್ಲ.

ನಿಮ್ಮ ಬಾಮೈದ,
ಶಂಕರ