ಇಪ್ಪತ್ತೆರಡನೇ ಹೆಜ್ಜೆ

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ

ಪ್ರೀತಿಯ ಮಗನೇ,

ಭುಜದ ನೋವು ಇಳಿಯಿತೇ? ಬಿರುಗಾಳಿಗೆ ಬಿದ್ದ ಕಂಬಗಳನ್ನೆಲ್ಲ ಎತ್ತಿ ನಿಲ್ಲಿಸುವಷ್ಟರಲ್ಲಿ ನಿಮ್ಮ ಸೊಂಟ ಬೀಳದಿದ್ದರೆ ಸಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಕಂಬ ಹತ್ತುವ ಮೊದಲು ಲೈನಿನಲ್ಲಿ ಕರೆಂಟು ಇಲ್ಲವೆಂದು ನೀನೇ ಪರೀಕ್ಷೆ ಮಾಡಿ ನೋಡು, ಇನ್ನೊಬ್ಬರ ಮಾತು ನಂಬಬೇಡ. ಪ್ರತಿ ಪತ್ರದಲ್ಲೂ ಇದನ್ನೇ ಬರೆಯುತ್ತೇನೆಂದು ನಗುತ್ತೀಯ. ನಗು, ಆದರೆ ನೋಡು. ಈ ಪತ್ರವನ್ನು ಮಾತ್ರ ಕೆಲಸ ಮುಗಿದ ಮೇಲೆ, ನೆಲದ ಮೇಲೆ ಕೂತು ಓದು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ನಿಮ್ಮ ಕಡೆಗೆ ತಂತಿ ಹೊರುವ ಲಾರಿಯವನ ಕೈಯಲ್ಲಿ ನಾಳೆ ಕಳಿಸುತ್ತೇನೆ.

ನಾನು ಚೆನ್ನಾಗಿದ್ದೇನೆ. ಪುಟ್ಟಿಯೂ ಈಗ ಆಡಿಕೊಂಡಿದ್ದಾಳೆ. ಡಾಕ್ಟರು ಇನ್ನೊಮ್ಮೆ ನೋಡಿ ಏನೂ ತೊಂದರೆ ಇಲ್ಲ ಎಂದರು. ಮಂಗಳವಾರ ಜನರೇಟರಿನ ಹೊಗೆ ಮನೆಯೊಳಗೆ ಸೇರಿ ಮಗು ವಾಂತಿ ಮಾಡಿಕೊಂಡಿತು, ತಪ್ಪು ತನ್ನದೇ ಎಂದು ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳಲ್ಲ. ನೀನು ಕೂಗಾಡಲಿಲ್ಲವಂತೆ. ‘ಅದು ನಿನ್ನ ಕೈಲಾಗೋ ಕೆಲಸ ಅಲ್ಲ, ಬರೋ ಗುರುವಾರ ಗೆಳೆಯ ವ್ಯಾನ್ ತರ್ತಾನೆ, ಜನರೇಟರೂ ಮೊಟ್ಟೆ ಪೆಟ್ಟಿಗೆಯೂ ಕೊಟ್ಟುಬಿಡು’ ಎಂದಷ್ಟೇ ಹೇಳಿದೆಯಂತೆ. ಅವಳು ಹೂಂ ಎಂದು ಫೋನು ಇಟ್ಟು, ಕೋಳಿ ಮರಿ ಮಾಡಿಸುವ ಆ ಪೆಟ್ಟಿಗೆಯ ಗಾಜು ಒರೆಸುತ್ತ ನಿಂತಳು. ಒಂದೇ ಗಾಜನ್ನು ಎಷ್ಟೋ ಹೊತ್ತು ಒರೆಸಿದಳು. ಅದನ್ನು ನೋಡಿದ್ದಕ್ಕೇ ಬರೆಯಲು ಕೂತೆ.

ಹೊರಡುವ ಮುಂಚೆ ನೀನು ಅವಳಿಗೆ ಜನರೇಟರ್ ತೋರಿಸಿಕೊಟ್ಟಿದ್ದು ಒಂದೇ ಸಲ. ಅದರ ಜೊತೆ ಬಂದ ಪುಸ್ತಕವನ್ನು ಅವಳು ಮೂರು ಸಲ ಓದಿದಳು. ನಾನು ಜೀವಮಾನದಲ್ಲಿ ಯಾವ ಪುಸ್ತಕವನ್ನೂ ಹಾಗೆ ಓದಿಲ್ಲ. ಓದಿದ ಮೇಲೆ ಹಿತ್ತಲ ಬಾಗಿಲಿಂದ ಹೆಜ್ಜೆ ಎಣಿಸುತ್ತ ಹೋಗಿ, ಇಪ್ಪತ್ತೆರಡನೇ ಹೆಜ್ಜೆಗೆ, ಬೇಲಿಯ ಹತ್ತಿರ, ಕಲ್ಲು ಹಾಸಿ ಅದನ್ನು ಕೂರಿಸಿದಳು. ಮೇಲೊಂದು ತಗಡು, ನಾಲ್ಕು ಕಡೆಯೂ ಬಯಲು. ಹೊಗೆ ಕೊಳವೆಯ ಮುಖ ಖಾಲಿ ಜಾಗದ ಕಡೆಗೆ. ಪಕ್ಕದ ಮನೆಯ ದರ್ಜಿ ಬೇಲಿಯ ಆಚೆ ನಿಂತು, ‘ಏನಮ್ಮಾ, ಜನರೇಟರಿಗೆ ಬೇರೆ ಮನೆ ಮಾಡಿಕೊಟ್ಯಾ? ಅತ್ತೆ ಜೊತೆ ಹೊಂದಲಿಲ್ವಾ?’ ಅಂದ. ಇವಳು ತಲೆ ಎತ್ತದೆ, ‘ಇಬ್ಬರೂ ಒಂದೇ ಸಮ ಗೊಣಗ್ತಾರೆ ಅಣ್ಣ, ಮನೆಯೊಳಗೆ ಒಬ್ಬರು ಸಾಕು’ ಅಂದಳು. ಅಡುಗೆಮನೆಯಲ್ಲಿ ಕೇಳಿಸಿಕೊಂಡೆ. ನಿಮ್ಮಪ್ಪ ಹೋದಮೇಲೆ ನಾನು ಬಾಯಿಬಿಟ್ಟು ನಕ್ಕಿದ್ದು ಅದೇ ಮೊದಲು. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ಪೆಟ್ರೋಲ್ ಹಾಕಬೇಕಾದರೆ ಇಂಜಿನ್ ಆರಿಸಿ, ಅದು ಪೂರ್ತಿ ತಣ್ಣಗಾಗುವ ತನಕ ಕಾಯುತ್ತಾಳೆ. ‘ಅಷ್ಟರಲ್ಲಿ ಮೊಟ್ಟೆ ತಣ್ಣಗಾಗುತ್ತವಲ್ಲೇ’ ಎಂದು ನಾನು ಚಡಪಡಿಸಿದರೆ, ‘ಮೊಟ್ಟೆಗೆ ಕಂಬಳಿ ಹೊದಿಸ್ತೀನಿ ಅತ್ತೆ, ಬೆಂಕಿ ಹತ್ತಿದರೆ ಅದಕ್ಕೇನು ಹೊದಿಸ್ಲಿ?’ ಅನ್ನುತ್ತಾಳೆ. ಜನರೇಟರಿನಿಂದ ದಪ್ಪ ವೈರು ನೇರವಾಗಿ ಪೆಟ್ಟಿಗೆಗೆ. ಮನೆಯ ಪ್ಲಗ್ಗಿಗೆ ಏನೂ ಸೇರಿಸುವುದಿಲ್ಲ. ಕರೆಂಟಿಲ್ಲದ ಹನ್ನೊಂದು ದಿನವೂ ನಾವು ಉಂಡಿದ್ದು ಮೇಣದ ಬತ್ತಿಯಲ್ಲೇ. ದರ್ಜಿ ತನ್ನ ಜನರೇಟರನ್ನು ಗೋಡೆಯ ಪ್ಲಗ್ಗಿಗೇ ಕೊಟ್ಟು ಮನೆಯನ್ನೆಲ್ಲ ಬೆಳಗಿಸಿದ್ದ. ‘ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಲೈನ್‌ಮನ್ ಮನೇನೇ ನೋಡಿ’ ಎಂದು ಕೆಣಕಿದ. ಇವಳು ಅಲ್ಲೇ ನಿಂತು, ‘ಗೋಡೆಗೆ ಕೊಟ್ಟ ಕರೆಂಟು ಹಿಂದಕ್ಕೆ ಹರಿದು ಕಂಬ ಹತ್ತುತ್ತೆ ಅಣ್ಣ. ಮೇಲೆ ಯಾರದೋ ಮನೆಯವರು ಇರ್ತಾರೆ. ಕತ್ತಲೆಗೆ ಕಣ್ಣು ಒಗ್ಗುತ್ತೆ, ಕರೆಂಟಿಗೆ ಕೈ ಒಗ್ಗಲ್ಲ’ ಅಂದಳು. ದರ್ಜಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅವರ ಮನೆಯೂ ಕತ್ತಲಾಯಿತು. ನಿಮ್ಮಪ್ಪನ ಪ್ರಾಣ ತೆಗೆದಿದ್ದು ಹಾಗೆ ಯಾರದೋ ಮನೆಯಿಂದ ಹರಿದು ಬಂದ ಕರೆಂಟೇ ಅಲ್ಲವೇ? ಎರಡು ವರ್ಷದಿಂದ ಈ ಮನೆಯಲ್ಲಿ ಯಾರ ಬಾಯಿಂದಲೂ ಬಾರದ ಮಾತನ್ನು ಅವಳು ಅವರ ಹೆಸರೆತ್ತದೆ ಆಡಿದಳು. ಅವರಿದ್ದಿದ್ದರೆ ‘ನಮ್ಮ ಗ್ಯಾಂಗಿಗೆ ಸೇರಿಸ್ಕೊಳ್ಳೋಣ ಇವಳನ್ನ’ ಅನ್ನುತ್ತಿದ್ದರು.

ಮಂಗಳವಾರದ್ದನ್ನು ಬರೆಯಬೇಕೆಂದೇ ಕೂತವಳು. ಪೆನ್ನು ಅಲ್ಲಿಗೆ ಬಂದು ನಿಲ್ಲುತ್ತದೆ. ಅವಳು ಮೊದಲು ಪುಟ್ಟಿಯನ್ನು, ಆಮೇಲೆ ತಲೆ ಸುತ್ತಿ ಕೂತಿದ್ದ ನನ್ನನ್ನು ಬಯಲಿಗೆ ಎಳೆದು ತಂದಳು. ಆಮೇಲೆ ಉಸಿರು ಬಿಗಿಹಿಡಿದು ಹೋಗಿ ಜನರೇಟರ್ ಆರಿಸಿ, ಕಿಟಕಿ ಬಾಗಿಲು ತೆಗೆದಿಟ್ಟು, ನಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೊಟ್ಟೆಗಳಿಗೆ ಹತ್ತೊಂಬತ್ತನೇ ದಿನ, ಇನ್ನೆರಡು ದಿನಕ್ಕೆ ಒಡೆಯುವಂಥವು. ಎರಡು ಗಂಟೆ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಮುನ್ನೂರರಲ್ಲಿ ಇನ್ನೂರ ಮೂವತ್ತೊಂದು ಮರಿ ಬಂದಿವೆ. ಪುಟ್ಟಿ ಎಲ್ಲಕ್ಕೂ ಒಂದೇ ಹೆಸರು ಇಟ್ಟಿದ್ದಾಳೆ, ಕರೆದರೆ ಎಲ್ಲವೂ ಬರಲಿ ಅಂತ.

ನಿನ್ನ ಕೈಕಾಲು ಗಟ್ಟಿಯಾಗಿರಲಿ, ಹತ್ತಿದ ಕಂಬದಿಂದೆಲ್ಲ ನಗುತ್ತ ಇಳಿದು ಬಾ.

ನಿನ್ನ ಅಮ್ಮ

ತಾ.ಕ. ಅಂಟಿಸಿದ ಕವರು ಹರಿದು ಬರೆಯುತ್ತಿದ್ದೇನೆ. ಜನರೇಟರನ್ನು ಜಗಲಿಗೆ ತಂದಿದ್ದು ನಾನು. ಅವಳು ಪೆಟ್ರೋಲ್ ತರಲು ಹೋಗಿದ್ದಳು. ಮಳೆ ಓರೆಯಾಗಿ ಹೊಡೆದು ತಗಡಿನ ಕೆಳಗೂ ನೀರು ಬಂತು. ನೀರೂ ಕರೆಂಟೂ ಸೇರಿದರೆ ಎಂದು ಓಡಿದೆ. ಆರಿಸಿ, ತಳ್ಳಿಕೊಂಡು ಬಂದು, ಪುಟ್ಟಿ ಮಲಗಿದ್ದ ಕೋಣೆಯ ಕಿಟಕಿಯ ಕೆಳಗಿಟ್ಟು ಮತ್ತೆ ಚಾಲೂ ಮಾಡಿದೆ. ಜಗಲಿಯ ಬಾಗಿಲು ತೆರೆದಿದೆಯಲ್ಲ, ಅಷ್ಟು ಸಾಕು ಅಂದುಕೊಂಡೆ. ಎರಡು ವರ್ಷದಿಂದ ತಂತಿಗೆ ಹೆದರಿ ಹೆದರಿ, ಹೊಗೆಗೂ ಹೆದರಬೇಕೆಂದು ಹೊಳೆಯಲೇ ಇಲ್ಲ. ಬೇಲಿಯಿಂದ ಬರಬೇಕಾದ ಸದ್ದು ಮನೆಯಿಂದ ಬರುವುದು ಕೇಳಿ ಅವಳು ಪೆಟ್ರೋಲ್ ಕ್ಯಾನು ಬೀದಿಯಲ್ಲೇ ಬಿಟ್ಟು ಓಡಿ ಬಂದಳು. ಡಾಕ್ಟರ ಹತ್ತಿರದಿಂದ ವಾಪಸು ಬರುವಾಗ, ‘ಅವರಿಗೆ ಹೇಳಬೇಡಿ ಅತ್ತೆ. ಅಮ್ಮನ ಯೋಚನೆ ತಲೇಲಿಟ್ಟುಕೊಂಡು ಅವರು ಕಂಬ ಹತ್ತಬಾರದು. ನನ್ನ ಮೇಲಿನ ಸಿಟ್ಟಾದರೆ ಇಳಿದ ಮೇಲೆ ಮಾಡ್ಕೋತಾರೆ’ ಅಂದಳು. ನೆಲದ ಮೇಲೆ ಕೂತೇ ಓದಿದೆ ತಾನೆ? ಗೆಳೆಯನಿಗೆ ವ್ಯಾನ್ ಬೇಡವೆಂದು ಫೋನು ಮಾಡು. ಅದಕ್ಕೂ ಮೊದಲು ಅವಳಿಗೆ ಮಾಡು.